ಜುಟ್ಟು ಕಿತ್ತ ಕಾಯಿ

ಬೆಳಿಗ್ಗೆ ಹತ್ತು ಗಂಟೆ. ದುರ್ಗಯ್ಯನ ಹೆಣಕ್ಕೆ ನೀರು ಹಾಕಿ ಆಗಿತ್ತು. ಅದು ಎಲ್ಲಿಗೆ ಹೋಗಬೇಕೆಂಬುದು ಮಾತ್ರ ತೀರ್ಮಾನವಾಗಿರಲಿಲ್ಲ.

ಬಾಗಿಲ ಒಳಗೆ ಅವನ ತಮ್ಮ ಮಾಯಣ್ಣ ಕೂತಿದ್ದ. ಸುದ್ದಿ ಮುಟ್ಟಿದ ಕೂಡಲೇ ಅರಳಗುಪ್ಪೆಯಿಂದ ನೆಂಟರನ್ನು ಕಟ್ಟಿಕೊಂಡು ಮೊದಲ ಬಸ್ಸಿಗೆ ತಿಪಟೂರಿಗೆ ಬಂದಿದ್ದ. ಬಾಗಿಲ ಹೊರಗೆ ಚರ್ಚಿನ ಸಭಾಪಾಲಕ ಸುಗುಣರಾಜ ಬೈಬಲನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದರು. ಅವರ ಹಿಂದೆ ಸಭೆಯ ಮೂವರು, ಅವರಲ್ಲಿ ಇಬ್ಬರು ಮುದುಕರು.

ಗಂಡನ ತಲೆಯ ಹತ್ತಿರ ಸಿದ್ದಮ್ಮ ಕೂತಿದ್ದಳು. ಅವಳಿಗೆ ಇನ್ನೂ ಅಳು ಬಂದಿರಲಿಲ್ಲ. ಒಂದು ಇರುವೆ ಚಾಪೆಯ ಅಂಚಿನಲ್ಲಿ ಹೋಗುತ್ತಿತ್ತು. ಅದನ್ನೇ ನೋಡುತ್ತಿದ್ದಳು.

ಜಗಳ ಎದ್ದದ್ದು ಒಂದು ತೆಂಗಿನಕಾಯಿಗೆ. ಪಕ್ಕದ ಮನೆಯ ಓಬಮ್ಮ ಅದನ್ನು ತಂದು ಹೆಣದ ತಲೆಯ ಬಳಿ ಇಟ್ಟಿದ್ದಳು. ನಾರೆಲ್ಲ ಸುಲಿದು ಮೇಲೆ ಜುಟ್ಟು ಬಿಟ್ಟಿದ್ದ ಪೂಜೆಯ ಕಾಯಿ.

"ಅದು ಅಲ್ಲಿರೋ ತನಕ ನಾನು ಒಳಗೆ ಬರೋದಿಲ್ಲ ಸಿದ್ದಮ್ಮನವರೇ," ಎಂದರು ಸುಗುಣರಾಜ. ದನಿ ಏರಿಸಲಿಲ್ಲ. "ದುರ್ಗಯ್ಯ ಕರ್ತನ ಮಗ. ಅವರನ್ನ ನಮ್ಮ ಜಾಗದಲ್ಲೇ ಮಣ್ಣು ಮಾಡ್ತೀವಿ. ಆದ್ರೆ ಕಾಯಿ, ಕುಂಕುಮ, ತಮಟೆ ಯಾವುದೂ ಬೇಡ."

"ಕಾಯಿ ಒಡೀದೆ ಹೆಣ ಎತ್ತೋ ಪದ್ಧತಿ ನಮ್ಮಲ್ಲಿಲ್ಲ ಕಣ್ರೀ," ಅಂದ ಮಾಯಣ್ಣ. "ಅಣ್ಣ ಹೊಸಿಲು ದಾಟಾಕಿಲ್ಲ. ಬೇಕಾದ್ರೆ ನೀವೇ ಎತ್ಕಂಡೋಗ್ರಿ ನೋಡನ. ಮೊದ್ಲು ಆ ಇಬ್ರು ಅಜ್ಜಂದಿರನ್ನ ಯಾರಾದ್ರೂ ಎತ್ಬೇಕು."

ಯಾರೋ ಕಿಸಕ್ಕನೆ ನಕ್ಕರು. ಮುದುಕರಲ್ಲೊಬ್ಬ ತಲೆ ಬಗ್ಗಿಸಿದ.

"ನಗ್ಬ್ಯಾಡ್ರಲಾ, ಹೆಣ ಐತೆ ಮನೇಲಿ," ಎಂದು ಓಬಮ್ಮ ಗದರಿದಳು.

ಮಾಯಣ್ಣ ಸಿದ್ದಮ್ಮನ ಕಡೆ ತಿರುಗಿದ. "ಅತ್ಗೆ, ಊರಿಗೆ ಒಯ್ಯನ ಬುಡು. ಅಪ್ಪನ ಮಗ್ಗುಲಲ್ಲಿ ಜಾಗ ಐತೆ. ಇವರ ಕಾಲು ಯಾಕೆ ಹಿಡೀಬೇಕು?"

"ನಿಮ್ಮಣ್ಣ ಮಗೀನ ಮಗ್ಗುಲಲ್ಲೇ ಅಂದಿದ್ರು," ಅಂದಳು ಸಿದ್ದಮ್ಮ.

*

1968ರ ಶ್ರಾವಣ. ಗಂಡ ಹೆಂಡತಿ ಕಾಯಿ ಮಂಡಿಯ ಕೆಲಸಕ್ಕೆಂದು ತಿಪಟೂರಿಗೆ ಬಂದ ಹೊಸತು. ಅವರ ಒಬ್ಬಳೇ ಮಗಳು ಪುಟ್ಟಿ ಜ್ವರದಲ್ಲಿ ಹೋದಳು. ಊರಿಗೆ ಒಯ್ಯೋಣವೆಂದರೆ ಬಸ್ಸಿನವರು ಹೆಣ ಹತ್ತಿಸಲಿಲ್ಲ. ಹಿಂದಿನ ಬೀದಿಯ ಚರ್ಚಿನ ಹಳೆಯ ಅಯ್ಯನವರು ಛತ್ರಿ ಹಿಡಿದು ಬಂದು, "ನಮ್ಮ ಜಾಗದಲ್ಲಿ ಮಲಗಿಸೋಣ ಬಾರಪ್ಪ," ಎಂದರು. ಜಾತಿ ಕೇಳಲಿಲ್ಲ, ದೇವರು ಯಾವುದೆಂದೂ ಕೇಳಲಿಲ್ಲ. ಸಿದ್ದಮ್ಮ ಮಗುವಿನ ಹಣೆಗೆ ಕುಂಕುಮ ಇಟ್ಟಿದ್ದಳು, ಒರೆಸು ಎನ್ನಲಿಲ್ಲ. ಮೂರನೆಯ ದಿನ ಮಣ್ಣಿನ ಮೇಲೆ ಹಾಲು ತುಪ್ಪ ಬಿಡಲು ಹೋದಾಗ ಗೇಟು ತೆಗೆದುಕೊಟ್ಟವರೂ ಅವರೇ. ಆ ಗೇಟಿಗೆ ಬೀಗ ಇರಲಿಲ್ಲ. ಎಮ್ಮೆ ನುಗ್ಗದಂತೆ ತೆಂಗಿನ ನಾರಿನ ಹಗ್ಗ ಸುತ್ತಿರುತ್ತಿತ್ತು.

"ಮಗೂನ ಬಲಕ್ಕೆ ಅಪ್ಪ, ಎಡಕ್ಕೆ ಅಮ್ಮ," ಎಂದು ಅಯ್ಯನವರು ಛತ್ರಿಯ ತುದಿಯಲ್ಲಿ ನೆಲ ತೋರಿಸಿದ್ದರು. "ಆ ಎರಡು ಜಾಗ ನಿಮ್ಮವು. ಅವಸರ ಇಲ್ಲ."

ಮಾರನೆಯ ವರ್ಷ ದುರ್ಗಯ್ಯ ದೀಕ್ಷಾಸ್ನಾನ ತೆಗೆದುಕೊಂಡು ಸಭೆಗೆ ಸೇರಿದ. ಸಿದ್ದಮ್ಮ ತೆಗೆದುಕೊಳ್ಳಲಿಲ್ಲ.

"ನಾನು ಕೆಂಪಮ್ಮನ್ನ ಬುಡಾಕಿಲ್ಲ," ಅಂದಳು.

"ಬುಡು ಅಂತ ಯಾರಂದ್ರು?" ಅಂದ ಅವನು.

ಭಾನುವಾರ ಅವನು ಚರ್ಚಿಗೆ ಹೋದ, ಮಂಗಳವಾರ ಅವಳು ಕೆಂಪಮ್ಮನ ಗುಡಿಗೆ ಹೋದಳು. ಮಗಳ ಹತ್ತಿರ ಇಬ್ಬರೂ ಒಟ್ಟಿಗೆ ಹೋದರು.

*

ಹಳೆಯ ಅಯ್ಯನವರು ತೀರಿಕೊಂಡ ಮೇಲೆ ಸುಗುಣರಾಜ ಬಂದರು. ಸಭೆಯ ಹೆಂಗಸರು ಹೂ ಮುಡಿಯುವುದು ನಿಂತಿತು. ನೆಂಟರ ಮನೆಯ ಹಬ್ಬದೂಟ ನಿಂತಿತು. ಒಂದು ದಿನ ಅವರು ಮಂಡಿಗೂ ಬಂದರು. ದುರ್ಗಯ್ಯ ನೆಲಕ್ಕೆ ಹುಗಿದ ಸಲಾಕೆಯ ಮೇಲೆ ಕಾಯಿ ಸುಲಿಯುತ್ತಿದ್ದ. ಸಿದ್ದಮ್ಮ ಪಕ್ಕದಲ್ಲೇ ಸಿಪ್ಪೆ ಬಳಿಯುತ್ತಿದ್ದಳು.

"ಈ ಜುಟ್ಟು ಯಾಕೆ ಬಿಡ್ತೀರಿ?" ಎಂದು ಸುಗುಣರಾಜ ಕೇಳಿದರು.

"ಪೂಜೆ ಕಾಯಿ ಅಲ್ವ್ರಾ? ಜುಟ್ಟಿದ್ರೆ ದೇವ್ರಿಗೆ, ಕಿತ್ರೆ ಸಾರಿಗೆ."

"ಹಾಗಾದ್ರೆ ಅದನ್ನ ವಿಗ್ರಹದ ಪಾಲು ಮಾಡ್ತಿರೋದು ನಿಮ್ಮ ಕೈಯೇ. ಜುಟ್ಟು ಕಿತ್ತರೆ ಅದು ಬರೀ ಕಾಯಿ. ಅದಕ್ಕೆ ನನ್ನ ಅಡ್ಡಿ ಇಲ್ಲ."

ಮಾರನೆಯ ದಿನ ಸಂಪಿಗೆ ಊರಿನ ದೇವಸ್ಥಾನದ ಮುಂದಿನ ಅಂಗಡಿಗಳಿಗೆ ಹೋಗಬೇಕಿದ್ದ ಒಂದು ಗಾಡಿ ಕಾಯಿಯನ್ನು ದುರ್ಗಯ್ಯ ಒಂದೂ ಬಿಡದೆ ಬೋಳು ಮಾಡಿಟ್ಟ.

"ಏನ್ಲಾ ದುರ್ಗ, ತಲೆ ಕೆಟ್ಟೈತಾ?" ಮಂಡಿಯ ಸಾಹುಕಾರ ಕಾಡಸಿದ್ದಪ್ಪ ಕೂಗಾಡಿದ. "ದೇವ್ರಿಗೆ ಬೋಳುಕಾಯಿ ಕಳಿಸ್ತೀಯಾ?"

ಅಂದಿನಿಂದ ಅವನಿಗೆ ಸುಲಿಯುವ ಕೆಲಸ ತಪ್ಪಿತು. ಕೊಬ್ಬರಿ ಅಟ್ಟದ ಧೂಳು ಗುಡಿಸುವ ಕೆಲಸ ಸಿಕ್ಕಿತು. ಬೋಳುಕಾಯಿ ಎಂಬ ಹೆಸರೂ ಬಿತ್ತು. ಕೊನೆಗೆ ಅವನನ್ನು ಒಯ್ದ ಕೆಮ್ಮು ಶುರುವಾದದ್ದು ಆ ಅಟ್ಟದಲ್ಲೇ ಎಂದು ಸಿದ್ದಮ್ಮನ ಲೆಕ್ಕ.

"ಅಯ್ಯ ಅಂದ್ರು ಅಂತ ಕಿತ್ಬುಡದಾ?" ಎಂದು ಅವಳು ಒಮ್ಮೆ ಕೇಳಿದ್ದಳು.

"ಸಭೆಯಿಂದ ಆಚೆ ಹಾಕಿದ್ರೆ ಮಗೀನ ಹತ್ರ ಬುಟ್ಟಾರಾ?" ಅಂದಿದ್ದ ಅವನು.

*

ಬಿಸಿಲು ಹೊಸಿಲಿಗೆ ಬಂತು. ಹೆಣವನ್ನು ಊರಿಗೆ ಒಯ್ಯುವ ಗಾಡಿ ತರಲೆಂದು ಮಾಯಣ್ಣ ಒಬ್ಬನನ್ನು ಕಳಿಸಹೊರಟ.

ಸಿದ್ದಮ್ಮ ಕೈ ಚಾಚಿ ಕಾಯಿ ಎತ್ತಿಕೊಂಡಳು. ಮೊಳಕಾಲ ನಡುವೆ ಒತ್ತಿ ಹಿಡಿದು ಜುಟ್ಟನ್ನು ಹಿರಿದಳು. ಒಂದೇ ಸಲಕ್ಕೆ ಬರಲಿಲ್ಲ. ಎಳೆ ಎಳೆಯಾಗಿ ಕಿತ್ತು ಮಡಿಲಿಗೆ ಹಾಕಿಕೊಂಡಳು. ಕಾಯಿಯ ಮೂರು ಕಣ್ಣೂ ಕಂಡವು.

"ಅಯ್ಯೋ, ಏನೇ ಮಾಡ್ದೆ!" ಅಂದಳು ಓಬಮ್ಮ.

ಸಿದ್ದಮ್ಮ ಬಾಗಿಲಿಗೆ ಬಂದಳು. "ಈಗ ಇದು ಸಾರಿನ ಕಾಯಿ. ನೀವೇ ಅಂದಿದ್ರಿ."

ಸುಗುಣರಾಜ ಕಾಯಿ ನೋಡಿದರು. "ಅಂದಿದ್ದೆ. ಆದ್ರೆ ಒಡೆಯೋದು..."

"ಸಾರಿನ ಕಾಯಿನೂ ಒಡೀಲೇಬೇಕಲ್ಲ ಅಯ್ನೋರೆ."

"ಬೋಳುಕಾಯಿ ಎಂಥ ಕಾಯಿ ಅತ್ಗೆ?" ಮಾಯಣ್ಣ ಮೆಲ್ಲಗೆ ಕೇಳಿದ.

"ನಿಮ್ಮಣ್ಣನ ಕಾಯಿ," ಅಂದಳು.

ಮಾಯಣ್ಣ ಅವಳ ಕೈಯಿಂದ ಅದನ್ನು ತೆಗೆದುಕೊಂಡ. ಸುಗುಣರಾಜ ಬೀದಿಯ ಬೇವಿನ ಮರದ ತನಕ ಹೋಗಿ ಆ ಕಡೆ ಮುಖ ಮಾಡಿ ನಿಂತರು. ಹೊಸಿಲ ಕಲ್ಲಿಗೆ ಕಾಯಿ ಒಡೆದ ಸದ್ದು ಕೇಳಿದ ಮೇಲೆ ತಿರುಗಿ ಬಂದು, ಚೆಲ್ಲಿದ ನೀರು ದಾಟಿ, ಹೆಣದ ಕಾಲ ಬಳಿ ನಿಂತು ಬೈಬಲ್ ತೆರೆದರು. ಓದುವಾಗ ಒಮ್ಮೆಯೂ ಸಿದ್ದಮ್ಮನ ಮುಖ ನೋಡಲಿಲ್ಲ.

ಅರಳಗುಪ್ಪೆಯವರು ಹೆಗಲು ಕೊಟ್ಟರು. ದುರ್ಗಯ್ಯನನ್ನು ಮಗಳ ಬಲಕ್ಕೆ ಮಣ್ಣು ಮಾಡಿದರು.

*

ಮೂರನೆಯ ದಿನ ಮಾಯಣ್ಣ ಹಾಲಿನ ತಂಬಿಗೆ ಹಿಡಿದು ಬಂದ. ಸಿದ್ದಮ್ಮ ತುಪ್ಪದ ಬಟ್ಟಲು ಹಿಡಿದಳು. ಸಮಾಧಿ ಜಾಗದ ಗೇಟಿನಲ್ಲಿ ನಾರಿನ ಹಗ್ಗ ಇರಲಿಲ್ಲ. ಹೊಸ ಬೀಗ ಬಿದ್ದಿತ್ತು.

"ಅಯ್ನೋರ ಹತ್ರ ಕೀಲಿ ಕೇಳ್ಕಂಡು ಬರ್ಲಾ?" ಅಂದ ಮಾಯಣ್ಣ.

"ಬ್ಯಾಡ."

ಅವನು ಕಂಬಿಗಳ ಸಂದಿಯಲ್ಲಿ ಕೈ ತೂರಿಸಿ ಹಾಲು ಸುರಿದ. ನೆಲ ಹೊರಕ್ಕೆ ಇಳಿಜಾರಾಗಿತ್ತು. ಹಾಲು ಗೇಟಿನ ಅಡಿಯಿಂದ ತಿರುಗಿ ಅವರ ಕಾಲ ಬಳಿಗೇ ಬಂತು.

ಮಗಳ ಎಡಕ್ಕೆ ಹಳೆಯ ಅಯ್ಯನವರು ಅವಳಿಗೆಂದು ತೋರಿಸಿದ್ದ ಖಾಲಿ ಜಾಗ ಗೇಟಿನಿಂದ ಕಾಣುತ್ತಿತ್ತು. ಸಿದ್ದಮ್ಮ ಸ್ವಲ್ಪ ಹೊತ್ತು ಅದನ್ನು ನೋಡಿದಳು. ಆಮೇಲೆ ತುಪ್ಪದ ಬಟ್ಟಲಿಗೆ ಸೆರಗು ಮುಚ್ಚಿಕೊಂಡು ಮನೆಗೆ ಹೋದಳು.