ಜಗ್ಗಿದ ಹಗ್ಗ

“ಏ ಎಮ್ಮಿ! ಹಗ್ಗಕ್ಕ ಬುತ್ತಿಗಂಟು ತೂಗಹಾಕಲಿಕ್ಕೆ ಬರ್ತದ, ಜಗ್ಗಲಿಕ್ಕೆ ಬರಂಗಿಲ್ಲೇನು?”

ಎಂಜಿನಿಯರ್ ಶ್ರೀನಿವಾಸರಾಯರು ನಲವತ್ತು ಮಂದಿಯ ಎದುರು ಕೂಗಿದರು. ಕೂಲಿಯಾಳು ಸುಂದರಬಾಯಿ, ಮುದಿ ಫಿಟ್ಟರ್ ಬಾಬುಮಿಯಾ ಕೊಟ್ಟ ಲುಂಗಿ ಸುತ್ತಿಕೊಂಡು ನಿಂತಿದ್ದಳು. ಅವಳ ಸೀರೆ ಕಲ್ಲು ಸಾಗಿಸುವ ಬೆಲ್ಟಿನ ರೋಲರಿಗೆ ಸುತ್ತಿ, ಗ್ರೀಸು ಮೆತ್ತಿಕೊಂಡು ಅಲ್ಲೇ ಇತ್ತು. ಬಾಬುಮಿಯಾ ಓಡಿಹೋಗಿ ಮೇನ್ ಸ್ವಿಚ್ ಕೆಡವಿರದಿದ್ದರೆ ಸೀರೆಯ ಹಿಂದೆ ಅವಳೂ ಹೋಗುತ್ತಿದ್ದಳು. ಗಂಡಸರು ನೋಡದವರಂತೆ ನೋಡುತ್ತಿದ್ದರು.

“ಜಗ್ಗೀನ್ರಿ ಸಾಹೇಬ್ರ. ಎರಡೂ ಕೈಲೆ ಜಗ್ಗೀನಿ. ಬೆಲ್ಟು ನಿಲ್ಲಲಿಲ್ಲ.”

“ಜಗ್ಗಿದ್ರ ಪ್ಯಾನಲ್ ಮ್ಯಾಲ ಕೆಂಪು ದೀಪ ಹತ್ತತಿತ್ತು. ಹತ್ತೇದೇನು? ಮಷೀನು ಸುಳ್ಳು ಹೇಳಂಗಿಲ್ಲ. ತಪ್ಪು ನಿಂದು. ಟ್ರಯಲ್ ಮುಂದುವರೀತದ. ನೀ ನಾಳಿಂದ ಬರಬ್ಯಾಡ.”

ಬೆಲ್ಟುಗಳನ್ನು ಓಡಿಸುವ ಪ್ಯಾನಲ್ಲಿನ ಪಕ್ಕದಲ್ಲಿ ಬಂದೇಅಲಿ ನಿಂತಿದ್ದ. ಅದರ ಒಂದೊಂದು ತಂತಿಯನ್ನೂ ಎಳೆಸಿದವನು ಅವನೇ. ಚಿತ್ತಾಪುರದಲ್ಲಿ ಆರನೇ ಇಯತ್ತೆಗೆ ಶಾಲೆ ಬಿಟ್ಟು, ವೈರ್‌ಮನ್‌ಗಳ ಹಿಂದೆ ಏಣಿ ಹೊತ್ತು ಕೆಲಸ ಕಲಿತವನಿಗೆ ಈ ಸಲ ಹನ್ನೊಂದು ಜನರನ್ನೂ ಇಡೀ ಪ್ರಾಜೆಕ್ಟನ್ನೂ ಒಪ್ಪಿಸಿದ್ದರು. ಕ್ರಷರಿನಿಂದ ಗೋದಾಮಿನವರೆಗೆ ಏಳು ಬೆಲ್ಟುಗಳು. ಒಂದು ಗುಂಡಿ ಒತ್ತಿದರೆ ಒಂದರ ಹಿಂದೊಂದು ತಾವೇ ಹೊರಡಬೇಕು. ಮೂರು ದಿನ ಬಿಡದೆ ಓಡಿದರೆ ಟ್ರಯಲ್ ಪಾಸು, ಬಂದೇಅಲಿ ಪರ್ಮನೆಂಟ್.

ಮೊದಲ ದಿನವೇ ನಾಲ್ಕು ಸಲ ನಿಂತಿತು. ಅಪಾಯವಾದರೆ ಜಗ್ಗಲೆಂದು ಬೆಲ್ಟಿನುದ್ದಕ್ಕೂ ಬಿಗಿದ ಹಗ್ಗಕ್ಕೆ, ನಾಯಿ ಬಾಯಿ ಹಾಕದಿರಲೆಂದು ಹೆಂಗಸರು ರೊಟ್ಟಿಯ ಗಂಟು ಕಟ್ಟಿದ್ದರು. ಗಂಟಿನ ಭಾರಕ್ಕೆ ಬೆಲ್ಟು ನಿಲ್ಲುತ್ತಿತ್ತು. ಬೈದು ಹೇಳಬಹುದಿತ್ತು. ಗೋಡೆಗೆ ನಾಲ್ಕು ಮೊಳೆ ಹೊಡೆದು ಕೊಡಬಹುದಿತ್ತು. ಬಂದೇಅಲಿ ಅದು ಬಿಟ್ಟು, ಆ ರಾತ್ರಿ ಯಾರೂ ಇಲ್ಲದಾಗ ಹಗ್ಗದ ಸ್ವಿಚ್ಚಿನ ಡಬ್ಬಿ ಬಿಚ್ಚಿ, ಗೇಣುದ್ದದ ತಂತಿಯಿಂದ ಎರಡು ತುದಿಗಳನ್ನೂ ಸೇರಿಸಿ ಮುಚ್ಚಿಬಿಟ್ಟ. ಇನ್ನು ಹಗ್ಗ ಹರಿಯುವಂತೆ ಜಗ್ಗಿದರೂ ಬೆಲ್ಟಿಗೆ ಗೊತ್ತಾಗುವಂತಿರಲಿಲ್ಲ. ಟ್ರಯಲ್ ಮುಗಿದ ಮೇಲೆ ತೆಗೆದರಾಯಿತು ಅಂದುಕೊಂಡಿದ್ದ.

“ರೊಟ್ಟಿ ಗಂಟಿಗಿ ನಿಲ್ತಿತ್ತು, ಸುಂದರಬಾಯಿ ಜಗ್ಗಿದ್ರ ನಿಲ್ಲಲಿಲ್ಲ ನೋಡ್ರಿ! ರೊಟ್ಟಿನೇ ಭಾಳ ವಜನ್ ಅವ,” ಎಂದು ಹಿಂದಿನಿಂದ ಯಾರೋ ಅಂದರು. ಮಂದಿ ನಕ್ಕಿತು. ಬಾಬುಮಿಯಾ ಮಾತ್ರ ನಗಲಿಲ್ಲ. ಬಂದೇಅಲಿಯ ಮುಖವನ್ನೇ ನೋಡಿದ.

“ಬೇಟಾ, ಆ ಡಬ್ಬಿ ಒಮ್ಮಿ ಬಿಚ್ಚಿ ನೋಡಾಮೇನು?”

“ನಿನ್ನೆ ನೋಡೀನಿ ಚಾಚಾ. ಸರಿ ಅದ.”

ನಾಲಿಗೆ ಅಷ್ಟು ಸಲೀಸಾಗಿ ಹೊರಳಿದ್ದು ಕಂಡು ಅವನಿಗೇ ಹೇಸಿಗೆಯಾಯಿತು. ರಾಯರು ಅವನ ಬೆನ್ನು ತಟ್ಟಿದರು. “ಇಂವಾ ಮಾಡಿದ ಕೆಲಸದಾಗ ತಪ್ಪು ಹುಡುಕ್ತೀಯೇನೋ ಮುದುಕಾ?” ತಟ್ಟಿದ ಜಾಗ ಬರೆ ಎಳೆದಂತೆ ಉರಿಯಿತು. ಆ ಕೈ ಕಿತ್ತೆಸೆದು ಡಬ್ಬಿ ಒಡೆದು ತೋರಿಸಬೇಕೆನ್ನಿಸಿತು. ಕೈ ಏಳಲಿಲ್ಲ.

ಸುಂದರಬಾಯಿ ಲುಂಗಿಯನ್ನು ಒಂದು ಕೈಯಲ್ಲಿ ಬಿಗಿಹಿಡಿದು ಅವನ ಮುಂದೆ ಬಂದಳು. ಇನ್ನೊಂದು ಅಂಗೈ ಚಾಚಿದಳು. ಹಗ್ಗ ಕೊರೆದ ಗೆರೆಯಲ್ಲಿ ರಕ್ತ ಜಿನುಗುತ್ತಿತ್ತು.

“ಏನರ ಆದ್ರ ಹಗ್ಗ ಜಗ್ಗಬೇಕು ಅಂತ ಕಲಿಸ್ದಾವ ನೀನೇ, ತಮ್ಮಾ. ಕೆಲಸ ಹೋದ್ರ ಹೋಗ್ಲಿ. ಸುಳ್ಳಿ ಅನಿಸ್ಕೊಂಡು ಹ್ಯಾಂಗ ಹೋಗ್ಲಿ? ನಾ ಜಗ್ಗೀನೋ ಇಲ್ಲೋ, ಇಷ್ಟು ಮಂದಿ ಮುಂದ ನೀ ಒಂದ್ ಮಾತು ಹೇಳು.”

ಬಂದೇಅಲಿ ಅಂಗೈಯಿಂದ ಕಣ್ಣು ಕಿತ್ತು, ತಿರುಗಿ, ಗೇಟಿನ ಕಡೆ ನಡೆದ. ಬೆಲ್ಟುಗಳೆಲ್ಲ ನಿಂತಿದ್ದರಿಂದ ಅವನ ಕಾಲಡಿ ಜಲ್ಲಿ ಕರಕರ ಅನ್ನುವುದು ನಲವತ್ತು ಮಂದಿಗೂ ಕೇಳುತ್ತಿತ್ತು.