ಎರಡು ದೋಣಿಗೊಂದು ಬಲೆ

ನಮ್ಮ ನೋರ್ ನದಿಯಲ್ಲಿ ಒಂಟಿ ದೋಣಿಗೆ ಬೆಲೆಯಿಲ್ಲ. ಎರಡು ದೋಣಿ ಬೇಕು, ನಡುವೆ ಒಂದು ಬಲೆ. ಸಾಲ್ಮನ್ ಮೀನು ಬಂದು ಬಡಿದರೆ ಕೈಯಲ್ಲಿರುವ ಹಗ್ಗ ಜಗ್ಗುತ್ತದೆ, ಆಗ ದೋಣಿಗಳೆರಡೂ ಥಟ್ಟನೆ ಕೂಡಬೇಕು. ತಡವಾದರೆ ಮೀನು ಹೋದಂತೆಯೇ. ಅಜ್ಜನ ಕಾಲದಿಂದಲೂ ಒಂದು ದೋಣಿ ನಮ್ಮದು, ಅದರ ಜೋಡಿ ನೆಡ್ ಮನೆಯವರದು.

ಅಪ್ಪನಿಗೂ ನೆಡ್‌ಗೂ ಮಾತು ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಆದರೂ ಮೀನಿನ ಕಾಲ ಬಂದರೆ ದಿನಾ ಜೊತೆಗೇ ನದಿಗಿಳಿಯುತ್ತಿದ್ದರು! ಜಗಳ ಯಾತಕ್ಕೆಂದು ಕೇಳಿದರೆ ಅಪ್ಪ, "ಅವನನ್ನೇ ಕೇಳು" ಅನ್ನುತ್ತಿದ್ದ. ನೆಡ್‌ನ ಹೆಂಡತಿ ಬ್ರೀಡಾಳಿಗೂ ಗೊತ್ತಿರಲಿಲ್ಲ. ಇವರು ಶತ್ರುಗಳೋ ಸ್ನೇಹಿತರೋ, ನನಗಂತೂ ತಲೆಬುಡ ತಿಳಿಯಲಿಲ್ಲ.

ಮೀನು ಕಡಿಮೆಯಾಯಿತೆಂದು ಸರ್ಕಾರ ಬಲೆಯನ್ನೇ ನಿಷೇಧಿಸಿತು. ಅಪ್ಪ ಒಲೆಯ ಮುಂದೆ ಕೂತವನು ಏಳಲೇ ಇಲ್ಲ. ಆಲೂಗಡ್ಡೆ ತಟ್ಟೆಯಲ್ಲೇ ಆರುತ್ತಿತ್ತು. ಹೀಗೇ ಕೂತು ಸತ್ತುಹೋಗುತ್ತಾನೆಂದು ನನಗೆ ಭಯ ಹತ್ತಿತು.

"ಅಪ್ಪಾ, ದೋಣಿ ಇಳಿಸೋಣ್ವಾ? ಸುಮ್ನೆ ಒಂದು ಸುತ್ತು. ನಾನೇ ಹುಟ್ಟು ಹಾಕ್ತೀನಿ."

"ಒಂದೇ ದೋಣೀನಾ? ತಲೆ ಕೆಟ್ಟಿದೆಯಾ ನಿಂಗೆ?"

ನಾನು ಬ್ರೀಡಾಳ ಬಳಿ ಓಡಿದೆ. "ನಮ್ಮನೇದೂ ಹಂಗೇ ಕೂತಿದೆ ಕಣೆ, ಮೊಳೆ ಹೊಡೆದ ಹಾಗೆ," ಅಂದಳು. "ತಾಳು, ಎಬ್ಬಿಸ್ತೀನಿ."

ಮಧ್ಯಾಹ್ನ ಎರಡೂ ದೋಣಿ ನೀರಿಗಿಳಿದವು. ನಮ್ಮದಕ್ಕೆ ನಾನು, ಅವರದಕ್ಕೆ ಬ್ರೀಡಾ ಹುಟ್ಟು ಹಾಕಿದೆವು. ಮುದುಕರು ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ಮಾತಾಡಲಿ ಎಂದು ನಾನು ದೋಣಿಯನ್ನು ಹತ್ತಿರ ಒಯ್ದೆ.

"ದೂರ, ದೂರ! ಬಲೆ ಸಡಿಲ ಆಗುತ್ತೆ!" ಅಪ್ಪ ಗದರಿದ.

"ಯಾವ ಬಲೆ ಅಪ್ಪಾ?"

"ಬಾಯ್ಮುಚ್ಕೊಂಡು ಹುಟ್ಟು ಹಾಕು."

ಇಲ್ಲದ ಹಗ್ಗವನ್ನು ಅವನ ಮುಷ್ಟಿ ಬಿಗಿಯಾಗಿ ಹಿಡಿದಿತ್ತು. ಅತ್ತ ನೆಡ್‌ನದೂ ಹಾಗೇ. ಇಬ್ಬರಿಗೂ ಒಟ್ಟಿಗೇ ಬುದ್ಧಿ ಕೆಟ್ಟಿತೇ? ನಗಬೇಕೋ, ಡಾಕ್ಟರನ್ನು ಕರೆಯಬೇಕೋ? ಬ್ರೀಡಾಳತ್ತ ನೋಡಿದರೆ ಅವಳೂ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

ಸೇತುವೆಯ ಕೆಳಗಿನ ಮಡುವಿನಲ್ಲಿ ನೆಡ್ ತೋಳನ್ನು ಸರ್ರನೆ ಹಿಂದಕ್ಕೆಳೆದ.

"ಸೇರ್ಸು!" ಅಪ್ಪ ಕಿರುಚಿದ.

ತಬ್ಬಿಬ್ಬಾಗಿ ನಾನು ಹುಟ್ಟನ್ನು ಉಲ್ಟಾ ಹಾಕಿದೆ. ಹೇಗೋ ಸುಧಾರಿಸಿಕೊಳ್ಳುವಷ್ಟರಲ್ಲಿ ದೋಣಿಗಳು ಢಿಕ್ಕಿ ಹೊಡೆದವು. ಇಬ್ಬರೂ ಬಗ್ಗಿ ಖಾಲಿ ನೀರನ್ನು ನೋಡಿದರು.

"ತಪ್ಪಿಸ್ಕೊಂಡ್ತು," ಅಂದ ನೆಡ್, ಇಪ್ಪತ್ತು ವರ್ಷದ ಮೇಲೆ.

"ನನ್ ಮಗಳದೇ ತಪ್ಪು. ಎಮ್ಮೆ ಥರ ಹುಟ್ಟು ಹಾಕ್ತಾಳೆ," ಅಂದ ಅಪ್ಪ. ಆಮೇಲೆ ನೆಡ್‌ನತ್ತ ತಿರುಗಿ, "ನಾಳೆ ಬರ್ತೀಯಾ?" ಅಂದ.

"ಬರ್ದೆ ಇನ್ನೇನು? ಒಂದೇ ದೋಣೀಲಿ ನೀನೇನು ಕಿಸೀತೀಯ?"

ಮನೆಗೆ ಬಂದು ಅಪ್ಪ ಎರಡೆರಡು ಸಲ ಆಲೂಗಡ್ಡೆ ಹಾಕಿಸಿಕೊಂಡು ತಿಂದ, ಮೀನು ಕಳೆದದ್ದಕ್ಕೆ ನನ್ನನ್ನು ಬೈಯುತ್ತಲೇ.