ಪಾಲ್ ಜೋನ್ಸ್ ಸಿಕ್ಕಿದ ಮೇಲೆ

ಅಮೆರಿಕದ ನೌಕಾಪಡೆಗೆ ಬುನಾದಿ ಹಾಕಿದವರಲ್ಲಿ ಜಾನ್ ಪಾಲ್ ಜೋನ್ಸ್ ಒಬ್ಬ. ಹಡಗಿಗೆ ನೀರು ನುಗ್ಗುತ್ತಿದ್ದರೂ, ಶರಣಾಗು ಎಂದ ಶತ್ರುವಿಗೆ ಕಾದಾಟ ಇನ್ನೂ ಶುರುವೇ ಆಗಿಲ್ಲ ಎಂದನಂತೆ. ಗೆದ್ದೂಬಿಟ್ಟ. ಅಂಥವನು ಪ್ಯಾರಿಸ್ಸಿನಲ್ಲಿ ಒಂಟಿಯಾಗಿ ಸತ್ತ. ಯಾರಾದರೂ ಕೇಳಿಕೊಂಡು ಬಂದಾರು ಎಂದು ಒಬ್ಬ ಫ್ರೆಂಚ್ ಪುಣ್ಯಾತ್ಮ ಅವನನ್ನು ಸೀಸದ ಪೆಟ್ಟಿಗೆಯಲ್ಲಿಟ್ಟು ಹೂಳಿಸಿದ. ಆ ಸ್ಮಶಾನದ ಮೇಲೆ ಮನೆಗಳೆದ್ದವು. ನೂರು ವರ್ಷ ಕಳೆದ ಮೇಲೆ ಅಮೆರಿಕದ ಒಬ್ಬ ರಾಯಭಾರಿ ಆರು ವರ್ಷ ಹಠ ಹಿಡಿದು ಹುಡುಕಿ ತೆಗೆಸಿದ. ಬೆಂಗಳೂರಿನ ಜ್ಞಾನಭಾರತಿಯಲ್ಲಿ ಇತಿಹಾಸ ಓದುವ ನನಗೆ ಜೋನ್ಸನ ಯುದ್ಧಕ್ಕಿಂತ ಈ ಹಠವೇ ಹಿಡಿಸಿತು.

ಏಕೆಂದರೆ ನನಗೂ ಒಂದು ಸಮಾಧಿ ಸಿಗಬೇಕಿತ್ತು. ನನ್ನಪ್ಪ ಬಸಪ್ಪ ವಿಜಯಪುರದಿಂದ ಇಲ್ಲಿಗೆ ಗಾರೆ ಕೆಲಸಕ್ಕೆ ಬಂದವನು. ಅವ್ವ ನನ್ನ ಹೆರಿಗೆಗೆ ತವರಿಗೆ ಹೋಗಿದ್ದಾಗ ಕಟ್ಟಡಕ್ಕೆ ಕಟ್ಟಿದ್ದ ಸಾರುವೆಯಿಂದ ಬಿದ್ದು ಸತ್ತ. ಜೊತೆಗಿದ್ದ ನಮ್ಮೂರ ಕಡೆಯವರು ಮಾಗಡಿ ರಸ್ತೆ ಕಡೆಯ ಸ್ಮಶಾನದಲ್ಲಿ ಮಣ್ಣು ಮಾಡಿ ಚದುರಿಹೋದರು. ಈಗ ಗುರುತಿಲ್ಲದ ಸಮಾಧಿಗಳನ್ನು ಸೋಮವಾರ ಸಮ ಮಾಡುತ್ತಾರಂತೆ.

ಭಾನುವಾರ ಬೆಳಿಗ್ಗೆಯೇ ಅವ್ವನ ಜೊತೆ ಹೋದೆ. ಕಾವಲುಗಾರ ಮುನಿಯಪ್ಪ ತಲೆಯಾಡಿಸಿದ.

“ಹೆಸರಿಲ್ಲ, ಕಲ್ಲಿಲ್ಲ. ಎಲ್ಲೋ ಒಂದ್ಕಡೆ ಊದಿನಕಡ್ಡಿ ಹಚ್ಚಿ ಹೋಗ್ಬಿಡಿ ತಾಯಿ.”

ನನಗೆ ಮೈಯೆಲ್ಲ ಉರಿಯಿತು. “ಎಲ್ಲೋ ಒಂದ್ಕಡೆ ಹಚ್ಚೋಕೆ ಬಂದಿಲ್ಲ ತಾತ.”

ಮಧ್ಯಾಹ್ನದವರೆಗೆ ಕಳೆ ಕಿತ್ತು ಹುಡುಕಿದೆ. ಅಂಗೈ ತರಚಿತು. ಎಲ್ಲವೂ ಉದ್ದುದ್ದ ಗುಡ್ಡೆಗಳು. ಅವ್ವ ಸೋತು ಕುಳಿತಳು.

“ಇವೆಲ್ಲಾ ಮಲಗಿಸಿದ್ದು. ನಮ್ಮ ಮಂದಿ ಕುಂಡ್ರಿಸಿ ಮಣ್ಣ ಮಾಡ್ತಾರ. ಇಷ್ಟುದ್ದ ಕುಣಿ ಯಾಕ ತೋಡ್ತಾರ?”

ದಡಕ್ಕನೆ ಎದ್ದೆ. “ತಾತ, ಗಿಡ್ಡದು ಯಾವುದಾದ್ರೂ ಇದ್ಯಾ?”

“ಒಂದೇ ಒಂದು, ಆ ಮೂಲೇಲಿ. ಅದು ಯಾವ್ದೋ ಮಗೂದು ಕಣಮ್ಮ. ನಾನು ಕೆಲ್ಸಕ್ಕೆ ಸೇರ್ದಾಗ್ಲೇ ಇತ್ತು. ಯಾರೂ ಬರ್ತಿರ್ಲಿಲ್ಲ. ಪಾಪ, ಮಗು ಅಂತ ಮಳೆ ಆದ್ಮೇಲೆ ಮಣ್ಣು ಹಾಕ್ತೀನಿ, ಹಬ್ಬಕ್ಕೆ ಪೆಪ್ಪರ್‌ಮಿಂಟ್ ಇಡ್ತೀನಿ. ಆಟದ ಸಾಮಾನೂ ಇದೆ ನೋಡಿ.”

ಆ ಆಟದ ಸಾಮಾನು ತುಕ್ಕು ಹಿಡಿದ ಕರಣೆ, ಗಾರೆಯವರು ಸಿಮೆಂಟು ಬಳಿಯುವಂಥದ್ದು. ಮರದ ಹಿಡಿ ಲಡ್ಡಾಗಿ, ಅದಕ್ಕೆ ಸುತ್ತಿದ್ದ ತಾಮ್ರದ ತಂತಿ ಮಾತ್ರ ಉಳಿದಿತ್ತು. ಅವ್ವ ಅದನ್ನು ಎದೆಗೊತ್ತಿಕೊಂಡಳು.

“ಹಿಡಿ ಸೀಳಿದಾಗ ನಾನ ಸುತ್ತಿದ್ದೆ.”

ಮುನಿಯಪ್ಪ ಕೈಮುಗಿದ. “ದೊಡ್ಡೋರಾ? ಅಯ್ಯೋ, ಪುಟ್ಟಾ, ಊಟ ಆಯ್ತೇನೋ ಅಂತ ದಿನಾ ಮಾತಾಡಿಸ್ತಿದ್ನಲ್ಲಮ್ಮ!”

ಅವ್ವ ಬಗ್ಗಿ ಅವನ ಕಾಲು ಮುಟ್ಟಿದಳು. “ಇಷ್ಟು ವರ್ಷ ಅವರು ಒಬ್ಬಂಟಿ ಅದಾರಂತ ಅಳತಿದ್ದೆರಿ.”

ನಾನು ಅಳುತ್ತಲೇ ಕಲ್ಲು ಕೆತ್ತುವವರಿಗೆ ಫೋನ್ ಮಾಡಿದೆ. “ಅಣ್ಣ, ಒಂದು ಹೆಸರು ಕೆತ್ತಬೇಕು. ಇವತ್ತು ಸಂಜೆಯೊಳಗೆ.”